ಮಣ್ಣುಹೊತ್ತಪ್ಪನ ಗುಡ್ಡ

ಹೊಳೆಕುಂದೂರಿನಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ ಎಡಗಡೆ ಒಂದು ಬೋಳುಗುಡ್ಡ ಕಾಣುತ್ತದೆ. ಅಂಥ ದೊಡ್ಡದೇನಲ್ಲ, ನಾಲ್ಕು ಆಡು ಮೇಯಲೂ ಹುಲ್ಲು ಸಾಲದು. ಇದಕ್ಕಾಗಿ ಎರಡು ಸೀಮೆಗಳು ಮೂರು ತಲೆಮಾರು ಕಚ್ಚಾಡಿದವು ಎಂದರೆ ಹೊಸಬರು ನಗುತ್ತಾರೆ. ನಗಲಿ. ಮಣ್ಣುಹೊತ್ತಪ್ಪನ ಗುಡ್ಡವೆಂಬ ಹೆಸರು ಬಂದ ಬಗೆಯನ್ನು ಪೂರ್ತಿ ಕೇಳಿದ ಮೇಲೆ ನಕ್ಕವರನ್ನು ನಾನಂತೂ ಕಂಡಿಲ್ಲ.

ಹಿಂದೆ ಒಮ್ಮೆ, ದೇಸಾಯರ ಆಳ್ವಿಕೆಯಲ್ಲಿ, ಈ ಗಡಿಸೀಮೆಯಲ್ಲಿ ಅಡಿವೆಪ್ಪನೆಂಬ ಎಳೆಯ ವಕೀಲನಿದ್ದ. ಗಡಿಯ ತಕರಾರು ಎದ್ದಾಗ ದೇಸಾಯರ ಪರವಾಗಿ ವಾದಿಸುವುದು ಅವನ ಕೆಲಸ. ಆಗಿನ ಕಟ್ಟಳೆಯೇ ಬೇರೆ. ನೆಲ ಬಲ್ಲವನೊಬ್ಬ ಮಣ್ಣಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ಅವನು ನಡೆದದ್ದೇ ಗಡಿ. ಬುಟ್ಟಿ ಇಳಿಸುವ ತನಕ ಅವನನ್ನು ಯಾರೂ ಮುಟ್ಟುವಂತಿಲ್ಲ, ಎರಡೂ ಕಡೆಯವರು ಕಾದಾಡುವಂತಿಲ್ಲ. ಸುಳ್ಳು ನಡೆದರೆ ಮಣ್ಣೇ ನೋಡಿಕೊಳ್ಳುತ್ತದೆ. ಅಡಿವೆಪ್ಪ ಮಾಳಪ್ಪನೆಂಬ ಮುದಿ ಕುರುಬನ ಮನವೊಲಿಸಿ, ಕರಿಗಡ್ಡೆ ಪಾಳೆಯಗಾರನಿಗೆ ಸೇರಿದ ಈ ಗುಡ್ಡ ದೇಸಾಯರ ಪಾಲಾಗುವಂತೆ ಸುಳ್ಳು ಗಡಿ ನಡೆಸಿದ. ಗೆದ್ದು ಶಾಲನ್ನೂ ಹೊದೆಸಿಕೊಂಡ. ಒಂಬತ್ತನೆಯ ದಿನ ಮಾಳಪ್ಪ ಹಾವು ಕಚ್ಚಿ ಸತ್ತ. ಅಂದಿನಿಂದ ಅಡಿವೆಪ್ಪ ಬರಿಗಾಲಲ್ಲಿ ನೆಲ ತುಳಿಯಲೂ ಅಂಜುತ್ತಿದ್ದ ಎನ್ನುತ್ತಾರೆ.

ಮೂರು ವರ್ಷ ಕಳೆಯಿತು. ಕಳೆದುಕೊಂಡ ಗುಡ್ಡಕ್ಕೆ ಪ್ರತಿಯಾಗಿ ಹೊಳೆಕುಂದೂರನ್ನೇ ಸುಡುತ್ತೇನೆಂದು ಪಾಳೆಯಗಾರ ಆರುನೂರು ಕುದುರೆಯೊಡನೆ ಬಂದ. ಮೊದಲ ದಿನವೇ ದೇಸಾಯರ ದಳವಾಯಿ ಬಿದ್ದ. ಗಡಿಯ ಹಳ್ಳಕೊಳ್ಳ ಬಲ್ಲವನು ಅಡಿವೆಪ್ಪನೊಬ್ಬನೇ ಎಂದು ದೇಸಾಯರು ಅವನ ಸೊಂಟಕ್ಕೆ ಕತ್ತಿ ಕಟ್ಟಿಸಿದರು. ಬಾಯಿಂದ ಬದುಕುವವನಿಗೆ ಎಂಥ ಕತ್ತಿ! ಉಳಿದದ್ದು ಅರವತ್ತು ಆಳು. ಹಿಂದೆ ತುಂಬಿದ ಹೊಳೆ, ದಾಟಲು ನಾಲ್ಕೇ ಹರಿಗೋಲು. ಇಡೀ ಊರು ಆಚೆ ದಡ ಸೇರಬೇಕಾದರೆ ಹೊತ್ತು ಮುಳುಗಬೇಕು. ಕುದುರೆಗಳ ಕೆನೆತ ಕೇಳಿದರೆ ಮೊಲೆಯುಣ್ಣುವ ಕೂಸುಗಳೂ ಅಳು ನಿಲ್ಲಿಸುತ್ತಿದ್ದವಂತೆ.

ಬೆಳಗಾಗುತ್ತಲೇ ಅಡಿವೆಪ್ಪ ಮುದುಕರನ್ನೂ ಮಕ್ಕಳನ್ನೂ ಹೊತ್ತು ದಾಟಿಸಲು ಅರವತ್ತೂ ಆಳನ್ನು ಹೊಳೆಗೆ ಕಳಿಸಿದ. ಕತ್ತಿ ಬಿಚ್ಚಿಟ್ಟು, ಒಂದು ಬುಟ್ಟಿ ಮಣ್ಣು ತುಂಬಿ ತಲೆಗೇರಿಸಿ, ಒಬ್ಬನೇ ಪಾಳೆಯಗಾರನ ಎದುರು ಹೋಗಿ ನಿಂತ.

“ದೊರಿ, ಅವತ್ತು ಸುಳ್ಳು ಗಡಿ ನಡಿಸಿದಾಂವ ನಾನು. ಇವತ್ತು ಖರೇ ಗಡಿ ನಡಿತೀನಿ. ಗುಡ್ಡ ನಿಮ್ದು.”

ತನ್ನ ಜನರೆಲ್ಲರ ಎದುರು ಹೋದ ಮಾನ ಮರಳುವಾಗ ಯಾವ ಪಾಳೆಯಗಾರ ಬೇಡವೆಂದಾನು? ಮಣ್ಣು ಹೊತ್ತವನನ್ನು ಮುಟ್ಟುವ ಧೈರ್ಯ ಅವನಿಗೂ ಇರಲಿಲ್ಲ.

“ನಡಿ,” ಎಂದ. “ಇಳಿಸಿದ ಮ್ಯಾಲ ಮಾತಾಡೂನು.”

ಆ ಮಾತಿನ ಅರ್ಥ ಅಡಿವೆಪ್ಪನಿಗೆ ಗೊತ್ತಿತ್ತು. ಗುಡ್ಡದ ಬುಡ ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ನಡೆದ. ಬೆನ್ನ ಹಿಂದೆ ಈಟಿ ಹಿಡಿದ ಸವಾರರು ಅವನಷ್ಟೇ ನಿಧಾನವಾಗಿ ಬರುತ್ತಿದ್ದರು. ಮಣ್ಣು ಉದುರಿ ಕಣ್ಣಿಗೆ ಬೀಳುತ್ತಿತ್ತು. ಪ್ರತಿ ಪೊದೆಯಲ್ಲೂ ಮಾಳಪ್ಪನ ಹಾವು ಕಾಣುತ್ತಿತ್ತು. ಓಡಿಬಿಡಬೇಕೆಂದು ಅವನಿಗೆ ಹೆಜ್ಜೆಹೆಜ್ಜೆಗೂ ಅನ್ನಿಸಿರಬೇಕು. ಮೊಣಕಾಲು ಗಡಗಡ ನಡುಗುವುದನ್ನು ಶತ್ರುಗಳೂ ಕಂಡು ನಕ್ಕರಂತೆ.

ಹೊತ್ತು ಇಳಿಯುವಾಗ ಕೊನೆಯ ಗಡಿಕಲ್ಲಿಗೆ ಬಂದ. ಅಲ್ಲಿಂದ ಹೊಳೆ ಕಾಣುತ್ತದೆ. ಕಡೆಯ ಹರಿಗೋಲು ಇನ್ನೂ ನಡುನೀರಿನಲ್ಲಿತ್ತು. ಅಡಿವೆಪ್ಪ ಬುಟ್ಟಿ ಇಳಿಸದೆ ನಿಂತುಬಿಟ್ಟ. ಎಷ್ಟು ಹೊತ್ತು ನಿಲ್ಲಬಹುದೆಂದು ಕಟ್ಟಳೆಯಲ್ಲಿ ಹೇಳಿಲ್ಲವಲ್ಲ. ವಕೀಲನಿಗೆ ಅಷ್ಟು ಸಂದು ಸಾಕು. ಸವಾರರು ಸುತ್ತುವರಿದು ಕಾದರು, ಬೈದರು, ಮುಟ್ಟಲಿಲ್ಲ. ಹರಿಗೋಲು ದಡ ಮುಟ್ಟಿದ್ದನ್ನು ನೋಡಿ ಅವನು ಬುಟ್ಟಿ ಇಳಿಸಿದ. ಬಗ್ಗಿದ ಬೆನ್ನು ನೆಟ್ಟಗಾಗುವ ಮೊದಲೇ ಈಟಿ ಬಿತ್ತು.

ಆ ಜಾಗದಲ್ಲಿ ಊರವರು ನಿಲ್ಲಿಸಿದ ವೀರಗಲ್ಲು ಈಗಲೂ ಇದೆ. ಅದರಲ್ಲಿ ಕುದುರೆಯಿಲ್ಲ, ಕತ್ತಿಯಿಲ್ಲ. ಬುಟ್ಟಿ ಹೊತ್ತ ಒಬ್ಬ ಹುಡುಗಪ್ರಾಯದವನು, ಮೊಣಕಾಲು ಸೋತು ಬಾಗಿದವನು. ಕಲ್ಲುಕುಟಿಗ ಆ ನಡುಕವನ್ನು ಮುಚ್ಚಿಡಲಿಲ್ಲ. ಕತ್ತಲೆಗೆ, ನೀರಿಗೆ, ಕನಸಿಗೆ ಹೆದರುವ ಮಕ್ಕಳನ್ನು ತಾಯಂದಿರು ಇಲ್ಲಿಗೆ ಕರೆತಂದು, ಅವರ ಕೈಯನ್ನು ಆ ಮೊಣಕಾಲ ಮೇಲೆ ಇಡುತ್ತಾರೆ. ಮುಟ್ಟಿ ಮುಟ್ಟಿ ಅಲ್ಲಿನ ಕಲ್ಲು ನುಣ್ಣಗಾಗಿದೆ. “ಇಂವನೂ ಅಂಜಿದ್ದ, ಕೂಸ,” ಎನ್ನುತ್ತಾರೆ, “ಅಂಜಿಕೊಂಡ ನಡದ.”