ತೊಳೆಯದ ಕಂಬಳಿ

ಕಲ್ಲಹಳ್ಳದ ಪೂಜ್ಯ ಚೆನ್ನಮೌನಿ ಅಜ್ಜನವರಿಗೆ ಸಿಂಹಾಸನವಿರಲಿಲ್ಲ, ಬೆಳ್ಳಿಯ ಪಾದುಕೆಯಿರಲಿಲ್ಲ. ಮಠದ ಪಡಸಾಲೆಯಲ್ಲಿ, ಕುರಿಗಾಹಿಗಳು ಕೊಟ್ಟ ಕರಿಕಂಬಳಿಯ ಮೇಲೆ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಆ ಕಂಬಳಿಯ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ. ಭಕ್ತರು ಅದಕ್ಕೂ ಹಣೆ ಹಚ್ಚಿ ಹೋಗುತ್ತಿದ್ದರು.

ಅಂಥ ಸನ್ನಿಧಿಗೆ ಒಂದು ಮಧ್ಯಾಹ್ನ ಶಿವಗಂಗವ್ವ ಬುಟ್ಟಿ ಹೊತ್ತು ಬಂದಳು. ಬುಟ್ಟಿಯಲ್ಲಿ ನಾಯಿಮರಿಯೊಂದು ಕುಂಯ್‌ಗುಡುತ್ತಿತ್ತು. ಬಂದವಳು ನಮಸ್ಕಾರವನ್ನೂ ಮರೆತು ಕಂಬಕ್ಕೆ ಒರಗಿದಳು. ಪಾಪ, ಅಷ್ಟು ಸೋತು ಸುಣ್ಣವಾಗಿದ್ದಳು. ಸೊಂಟ ಮುರಿದುಕೊಂಡ ಅತ್ತೆಯನ್ನು ಹಳ್ಳಿಯಿಂದ ಮನೆಗೆ ಕರೆತಂದಾಗಿನಿಂದ ಮುದುಕಿಯ ಅಳು ನಿಂತಿರಲಿಲ್ಲ. ಅದು ಸಾಲದೆಂಬಂತೆ ಲಾರಿ ಓಡಿಸುವ ಗಂಡ, ಕಾವಲಿಗಿರಲೆಂದು ಕುರಿಹಟ್ಟಿಯಿಂದ ಈ ಮರಿಯನ್ನು ತಂದುಕೊಟ್ಟು ಮತ್ತೆ ಲಾರಿ ಹತ್ತಿದ್ದ. ಈಗ ಅದೂ ಅಳುತ್ತಿತ್ತು. ರೋಗಿಯಿರುವ ಮನೆಯಲ್ಲಿ ನಾಯಿ ಅತ್ತರೆ ಅಪಶಕುನವೆಂದು ಓಣಿಯವರು ಬಂದು ಬಂದು ಹೇಳಿಹೋಗುತ್ತಿದ್ದರು. ಹೇಳಲು ಬಂದವರಲ್ಲಿ ಒಬ್ಬರಾದರೂ ಒಂದು ಕೊಡ ನೀರು ತಂದುಕೊಡಲಿಲ್ಲ.

“ಅಜ್ಜಾರ, ಇದಕ್ಕೊಂದು ತಾಯಿತ ಕಟ್ಟರಿ. ಇಲ್ಲಾಂದ್ರ ಇಲ್ಲೇ ಇಟ್ಕೊಳ್ರಿ. ನನ್ನ ಕೈಲೆ ಇನ್ನ ಆಗೂದಿಲ್ರಿ.”

ಅಜ್ಜನವರು ಮರಿಯನ್ನೆತ್ತಿ ಮೂಸಿ ನೋಡಿದರು. ಅರಿಶಿನ ಘಮ್ಮೆಂದಿತು.

“ದಿನಾ ಜಳಕಾ ಮಾಡಸ್ತೀಯೇನವ್ವಾ?”

“ಹೌದ್ರಿ. ಲಿಂಗಪೂಜಿ ಮನಿ. ಮೈಲಿಗಿ ಆಗಬಾರದಂತ ಅರಿಶಿನ ನೀರಾಗ ತೊಳೀತೀನ್ರಿ. ಹಟ್ಟಿಯಿಂದ ಅದನ್ನ ಸುತ್ತಿಕೊಂಡು ತಂದ ಕಂಬಳಿ ತುಂಡನೂ ಕುದಿಸಿ ಒಗದೀನ್ರಿ.”

“ಅದರಾಗ ಅದರ ಅವ್ವ ಇದ್ಲು,” ಎಂದರು ಅಜ್ಜನವರು.

ಹಾಗೆಂದು ಎದ್ದು, ತಾವು ಕುಳಿತಿದ್ದ ಕಂಬಳಿಯನ್ನೇ ಮಡಚಿ ಮರಿಯ ಕೆಳಗೆ ಹಾಸಿದರು. ಕುರಿಯ ವಾಸನೆ ಹೋಗದ ಕಂಬಳಿ. ಮರಿ ಅದರಲ್ಲಿ ಮೂಗು ತೂರಿಸಿ, ಸುತ್ತು ಹಾಕಿ, ಮುದುರಿ ಮಲಗಿತು. ಅಳು ನಿಂತ ನಿಶ್ಶಬ್ದದಲ್ಲಿ ಶಿವಗಂಗವ್ವನೂ ಕಂಬದ ಬುಡದಲ್ಲೇ ನಿದ್ದೆಹೋದಳು. ಅಜ್ಜನವರು ಬರಿನೆಲದ ಮೇಲೆ ಕುಳಿತು ಬತ್ತಿ ಹೊಸೆದರು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅವಳು ಗಾಬರಿಯಾದಳು. “ಅಜ್ಜಾರ, ನೀವು ಕೂಡೂ ಕಂಬಳೀರಿ ಇದು!”

“ಒಯ್ಯಿ. ನಿಮ್ಮ ಹಾಸಿಗಿ ಮಗ್ಗಲಕ್ಕ ಹಾಸು. ಅತ್ತರ ಕೈ ಇಡು. ತೊಳೀಬ್ಯಾಡ.”

ಮನೆಯಲ್ಲಿ ಅತ್ತೆ ಅಳುತ್ತಲೇ ಇದ್ದಳು. ಶಿವಗಂಗವ್ವ ಕಂಬಳಿ ಹಾಸಿ ಮರಿಯನ್ನು ಮಲಗಿಸಿದಳು. ಆಮೇಲೆ ಅತ್ತೆ ಹೊದ್ದಿದ್ದ ಹೊಸ ಚಾದರದ ಕಡೆ ನೋಡುತ್ತ ನಿಂತುಬಿಟ್ಟಳು. ಮುದುಕಿಯ ಜೊತೆ ಊರಿಂದ ಬಂದ ಹಳೆಯ ಕೌದಿಯನ್ನು, ನಾರುತ್ತದೆಂದು ತಾನೇ ಗಂಟುಕಟ್ಟಿ ಅಟ್ಟಕ್ಕೆ ಎಸೆದಿದ್ದಳು. ಏಣಿ ಹತ್ತಿ ಅದನ್ನಿಳಿಸಿ, ಹಾಗೆಯೇ ತಂದು ಹೊದಿಸಿದಳು.

ಮುದುಕಿ ಅದರ ಅಂಚನ್ನು ಮುಖಕ್ಕೆ ಒತ್ತಿಕೊಂಡಳು. “ಎಲ್ಲಿತ್ತಬೇ ಇದು?”

“ನಾನ ಅಟ್ಟಕ್ಕ ಒಗದಿದ್ನಿ, ಅತ್ತಿ. ತಪ್ಪಾತು.”

ಮುದುಕಿ ಇನ್ನೂ ಸ್ವಲ್ಪ ಹೊತ್ತು ಅತ್ತಳು. ಶಿವಗಂಗವ್ವ ಅಜ್ಜನವರು ಹೇಳಿದಂತೆ ಆಕೆಯ ಮೇಲೆ ಕೈಯಿಟ್ಟು ಕುಳಿತಳು. ಅಳು ಇಳಿದ ಮೇಲೆ ಮುದುಕಿ ಆ ಕೈಯನ್ನು ಹಿಡಿದುಕೊಂಡು, ಬಂದಾಗಿನಿಂದ ಮೊದಲ ಸಲ, ಸೊಸೆಯ ಮುಖ ನೋಡಿದಳು.

“ಭಾಳ ದಣದೀ. ನೀನೂ ಮಲಕ್ಕೋ, ಯವ್ವಾ.”