ಕೀ ದಾಟಿ ಹೋದ ದೀಪದ ಸರ

ಆಯುಧಪೂಜೆಗೆಂದು ಗುರುಪಾದಪ್ಪ ತನ್ನ ಬೈಕಿಗೆ ಬಣ್ಣದ ದೀಪದ ಸರ ಕಟ್ಟಿಸಿದ.

"ಕೀ ಆನ್ ಮಾಡಿದಾಗಷ್ಟೇ ಉರಿಯೋ ಹಂಗ ಕನೆಕ್ಷನ್ ಕೊಡ್ತೀನ್ರಿ," ಎಂದ ಮೆಕ್ಯಾನಿಕ್ ಬಾಬಾಜಾನ್.

"ಬ್ಯಾಡೋ, ಪೂಜಿಗೆ ನಿಲ್ಲಿಸಿದಾಗೂ ಹೊಳೀಬೇಕು. ಸೀದಾ ಬ್ಯಾಟರಿಗೇ ಕೊಡು."

ಪೂಜೆಯಾಯಿತು. ವರ್ಷವಿಡೀ ದುಡಿದ ಆಯುಧಗಳಿಗೆ ಅಂದು ರಜೆಯೆಂದು ಗುರುಪಾದಪ್ಪ ಬೈಕಿಗೆ ಕುಂಕುಮ ಹಚ್ಚಿ, ಕೀ ಆಫ್ ಮಾಡಿ, ಹೋಳಿಗೆ ಉಂಡು ಮಲಗಿದ. ಹೆಡ್‌ಲೈಟೂ ಹಾರ್ನೂ ಮಲಗಿದವು. ದೀಪದ ಸರ ಮಾತ್ರ ಮಿನುಗುತ್ತಲೇ ಇತ್ತು.

"ಅಣ್ಣಾ, ಇನ್ನೂ ಸ್ವಲ್ಪ ಕೊಡುವೆಯಾ?" ಎಂದು ಅದು ಬ್ಯಾಟರಿಯನ್ನು ಕೇಳಿತು.

"ತಗೋ ತಂಗಿ. ಹಬ್ಬದ ದಿನ ಇಲ್ಲ ಎನ್ನಬಾರದು."

"ನನ್ನನ್ನು ಕೇಳಿದ್ದರೆ ಸಾಕು ಎನ್ನುತ್ತಿದ್ದೆ," ಎಂದಿತು ಕೀ. "ಆದರೆ ನಿಮ್ಮ ತಂತಿ ನನ್ನನ್ನು ದಾಟಿ ಹೋಗಿದೆ."

ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಕಾಯಿಲೆಯಿಂದ ಅಲ್ಲಿ ಸೇರಿದ್ದ ಗುರುಪಾದಪ್ಪನ ಅಕ್ಕ ಅವನನ್ನೇ ಕೇಳುತ್ತಿದ್ದಳು. ಕಿಕ್ ಹೊಡೆದು ಚಾಲೂ ಮಾಡಲು ಬಾರದ ಬೈಕು. ಸ್ಟಾರ್ಟರ್ ಒತ್ತಿದರೆ ಟಕ್ ಎಂಬ ಸದ್ದಷ್ಟೇ ಬಂತು. ಒತ್ತಿ ಒತ್ತಿ ಸೋತು ಅವನು ಬಸ್‌ಸ್ಟ್ಯಾಂಡಿಗೆ ಓಡಿದ. ಅವನು ತಲುಪುವ ಹೊತ್ತಿಗೆ ಅಕ್ಕನ ಮಾತು ನಿಂತುಹೋಗಿತ್ತು.

ಸಂಜೆ ಹಿಂದಿರುಗಿದವನು ಯಾರನ್ನೂ ಬೈಯಲಿಲ್ಲ. ಬೈಕಿನ ಬಳಿ ಕೂತು ಸರವನ್ನು ಬಿಚ್ಚತೊಡಗಿದ.

"ಮುಗಿಯುತ್ತಾ ಬಂತು ಎಂದು ಒಂದು ಮಾತು ಹೇಳಿದ್ದರೆ ನಾನೇ ಆರುತ್ತಿದ್ದೆನಲ್ಲ ಅಣ್ಣಾ," ಎಂದಿತು ಸರ.

"ಹೇಗೆ ಹೇಳಲಿ ತಂಗಿ," ಎಂದಿತು ಬ್ಯಾಟರಿ. "ನೀನು ಪ್ರತಿ ಸಲವೂ ಸ್ವಲ್ಪವೇ ಕೇಳಿದೆ. ಇಲ್ಲ ಎನ್ನುವಷ್ಟು ದೊಡ್ಡದನ್ನು ಒಮ್ಮೆಯೂ ಕೇಳಲಿಲ್ಲ."