ಬಿರುಕು ಬಿಟ್ಟ ಕೋವಿಯ ಹಿಡಿ

"ಗುರುಗಳೇ, ನನ್ನ ಕೈಲಿ ಇನ್ನು ಆಗುವುದಿಲ್ಲ. ಬಿಟ್ಟುಬಿಡಲೇ?" ಎಂದು ಮರುಳಪ್ಪ ಕೇಳಿದ.

ಅವನ ಊರಿನ ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಗೆ ಆಗಾಗ ಜಗಳವಾಗುತ್ತಿತ್ತು. ಪ್ರತಿ ಸಲವೂ ಮರುಳಪ್ಪನೇ ಹೋಗಿ ಇಬ್ಬರಿಗೂ ಸಮಾಧಾನ ಹೇಳಿ, ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಮಾಡಿಸಿ ಬರುತ್ತಿದ್ದ. ಮುಂದಿನ ಹಬ್ಬದೊಳಗೆ ಮತ್ತೆ ಮಾತು ನಿಂತುಹೋಗುತ್ತಿತ್ತು.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಕಾಡಂಚಿನ ಹಳ್ಳಿಯಲ್ಲಿ ಒಬ್ಬ ಬಡಗಿಯಿದ್ದ. ಒಬ್ಬ ರೈತ ತನ್ನ ಹಳೆಯ ಜೋಡುನಳಿಗೆ ಕೋವಿಯನ್ನು ಅವನ ಬಳಿಗೆ ತಂದ. ನಳಿಗೆಯ ಕೆಳಗೆ ಎಡಗೈಯಲ್ಲಿ ಹಿಡಿಯುವ ಮರದ ಹಿಡಿ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಹಂದಿಗಳು ಮುಸುಕಿನ ಜೋಳಕ್ಕೆ ಇಳಿಯುವ ಕಾಲ, ಕೋವಿಯಿಲ್ಲದೆ ಇರುವಂತಿರಲಿಲ್ಲ. ಬಡಗಿ ಬಿರುಕಿನೊಳಗಿನ ಕೊಳೆ ತೆಗೆದು, ಅಂಟು ತುಂಬಿ, ದಾರ ಬಿಗಿದು ಒಣಗಿಸಿದ. ಆಮೇಲೆ ಉಜ್ಜಿ ನಯ ಮಾಡಿ ಕೊಟ್ಟ. ಬಿರುಕು ಎಲ್ಲಿತ್ತೆಂದು ರೈತನಿಗೇ ತಿಳಿಯಲಿಲ್ಲ.

ತಿಂಗಳು ಕಳೆಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಬಿರುಕು ಕಾಣಿಸಿತು. ಈ ಸಲ ಬಡಗಿ ಒಳಗೆ ಬಿದಿರಿನ ಮೊಳೆ ಕೂರಿಸಿ ಅಂಟಿಸಿದ. ಅದೂ ನಿಲ್ಲಲಿಲ್ಲ. ರೈತ ತರುತ್ತಲೇ ಇದ್ದ, ಬಡಗಿ ಅಂಟಿಸುತ್ತಲೇ ಇದ್ದ. ವಯಸ್ಸಾದ ಕೈ. ಆ ಕೋವಿ ಅಂಗಳಕ್ಕೆ ಬರುವುದು ಕಂಡರೆ ಅವನಿಗೆ ಮೈಯೆಲ್ಲ ಸೋತಂತಾಗುತ್ತಿತ್ತು.

ಒಂದು ದಿನ ಅವನು ಕೋವಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಮರದ್ದೇನೂ ತಪ್ಪಿಲ್ಲ, ಯಜಮಾನರೇ. ಒಳಗಿನ ಕಬ್ಬಿಣ ಸಡಿಲವಾಗಿದೆ. ಗುಂಡು ಹಾರಿದಾಗಲೆಲ್ಲ ಅದರ ಏಟು ಮರಕ್ಕೆ ಬೀಳುತ್ತಿದೆ. ಪೇಟೆಯಲ್ಲಿ ಕೋವಿ ರಿಪೇರಿ ಮಾಡುವವರ ಹತ್ತಿರ ಬಿಟ್ಟು ಬನ್ನಿ" ಎಂದ.

ಈಗ ಬಿಟ್ಟು ಬಂದರೆ ಬೆಳೆ ಕೈಗೆ ಸಿಗುವುದಿಲ್ಲ ಎಂದು ರೈತ ಹೇಳಿದ. ಇಷ್ಟು ದಿನ ಮಾಡಿಕೊಟ್ಟವರಿಗೆ ಇವತ್ತೇನಾಯಿತೆಂದು ಬೇಸರಪಟ್ಟುಕೊಂಡು, ಹಿಡಿಗೆ ತಂತಿ ಸುತ್ತಿಕೊಂಡು ಹೊಲಕ್ಕೆ ಹೋದ.

ಹಂದಿ ಬಂತು. ಎರಡು ಗುಂಡು ಹಾರಿಸಿದರೂ ಅದು ಬೀಳದೆ ಅವನ ಕಡೆಗೇ ನುಗ್ಗಿತು. ಮತ್ತೆ ತೋಟಾ ತುಂಬಲು ಅವನು ಕೋವಿಯನ್ನು ನಡುವಿನ ಕೀಲಿನಲ್ಲಿ ಮಡಚಿದ. ನಳಿಗೆಯನ್ನು ಕೀಲಿಗೆ ಬಿಗಿದು ನಿಲ್ಲಿಸಿದ್ದ ಹಿಡಿ ಎರಡು ಹೋಳಾಗಿ, ನಳಿಗೆ ಕಳಚಿ ನೆಲಕ್ಕೆ ಬಿತ್ತು. ಹಂದಿ ಅವನ ತೊಡೆ ಸೀಳಿ ಹೋಯಿತು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಬಡಗಿ ನೋಡಲು ಹೋದ. ರೈತ ಅವನ ಕೈ ಹಿಡಿದುಕೊಂಡು, "ಆಚಾರ್ರೇ, ನೀವು ಹೇಳಿದಾಗಲೇ ಕೇಳಬೇಕಿತ್ತು. ತಪ್ಪು ನನ್ನದೇ" ಎಂದ. ಬಡಗಿ ತಲೆಯೆತ್ತಲಿಲ್ಲ. ಮನೆಗೆ ಬಂದವನು ಉಣ್ಣಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನಿಗೆ ಬಡಗಿಯ ಮೇಲೆ ಕನಿಕರವಾಯಿತು.

"ಕಾರಣ ಗೊತ್ತಾದ ಕೂಡಲೇ ಹೇಳಿದ್ದನಲ್ಲ, ಗುರುಗಳೇ. ಅವನೇಕೆ ತಲೆ ತಗ್ಗಿಸಬೇಕು?"

"ಕಾರಣ ಅವನಿಗೆ ಮೊದಲ ದಿನವೇ ಗೊತ್ತಿತ್ತು, ಹೇಳುವುದಕ್ಕಿಂತ ಅಂಟಿಸುವುದು ಸುಲಭವಾಗಿತ್ತು" ಎಂದರು ಗುರುಗಳು.

ತಾನೂ ಇಷ್ಟು ದಿನ ಬಾಯಿಬಿಡದೆ ಬಿಟ್ಟಿದ್ದ ಜಗಳದ ಕಾರಣವನ್ನು ಹೇಳಲು ಮರುಳಪ್ಪ ಎದ್ದು ಆ ಅಣ್ಣತಮ್ಮಂದಿರ ಮನೆಯ ಕಡೆಗೆ ಹೊರಟ.